ನಾನು ತಿದ್ದಿ ಹೇಳಿದ ಮಾತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೋಷಿಯಲ್ ವರ್ಕ್ ಓದುತ್ತಿದ್ದೆ. ಒಂದು ಮಧ್ಯಾಹ್ನ ಮೇಡಂ ಬೋರ್ಡಿನ ಮೇಲೆ ತ್ರಿಕೋನ ಬರೆದರು. "ಮನೇಲಿ ಇಬ್ಬರ ಮಧ್ಯೆ ಬಿಗುವು ಜಾಸ್ತಿಯಾದ್ರೆ ಮೂರನೆಯವರನ್ನ ಎಳ್ಕೋತಾರೆ. ಮೂರನೆಯವರು ಇರೋತನಕ ಆ ಜಗಳ ಮುಗಿಯಲ್ಲ. ಕುಟುಂಬ ಒಂದು ವ್ಯವಸ್ಥೆ. ಒಬ್ಬರು ಕದಲಿದ್ರೆ ಎಲ್ಲರೂ ಕದಲಲೇಬೇಕು."

ಇದು ನಮ್ಮ ಮನೆಯೇ! ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಾಗ ಅಮ್ಮ ಟೀಚರ್ ಕೆಲಸ ಬಿಟ್ಟಿದ್ದಳು. ಆ ಮುನಿಸಿನಲ್ಲಿ ಅಪ್ಪ ಅಮ್ಮನ ನಡುವೆ ನಿಂತ ನೇರ ಮಾತು ಅಜ್ಜಿ ಎದ್ದು ಓಡಾಡುವಂತಾದರೂ ಮತ್ತೆ ಶುರುವಾಗಿರಲಿಲ್ಲ. ಮೂರು ವರ್ಷದಿಂದ ಅವರ ಟಪಾಲು ನಾನೇ.

ಚಾಮರಾಜಪೇಟೆಯಲ್ಲಿ ಬಸ್ಸಿಳಿದವಳು ಮನೆಗೆ ಓಡಿದೆ.

"ನಿಮ್ಮಪ್ಪಂಗೆ ಹೇಳು, ಕಾಫಿ ಆಗಿದೆ ಅಂತ," ಎಂದಳು ಅಮ್ಮ, ಅಡುಗೆಮನೆಯಿಂದ.

"ನೀನೇ ಹೇಳಮ್ಮ. ಇನ್ಮೇಲೆ ನಾನು ಹೇಳಲ್ಲ."

ಅಮ್ಮ ನನ್ನನ್ನೇ ದುರುಗುಟ್ಟಿ ನೋಡಿದಳು. ಹಾಲ್‌ನಲ್ಲಿದ್ದ ಅಪ್ಪ ಪೇಪರ್ ಮಡಿಸಲಿಲ್ಲ. ಕಾಫಿ ಆರಿಹೋಯಿತು.

ಎರಡು ದಿನ ಮನೆ ಮೂಕವಾಗಿತ್ತು. ಮೂರನೆಯ ದಿನ ಅಮ್ಮ ಕಿವಿ ಮಂದವಾಗಿದ್ದ ಅಜ್ಜಿಯನ್ನು ಹಿಡಿದಳು. "ಅತ್ತೆ, ನಿಮ್ಮ ಮಗನಿಗೆ ಹೇಳಿ. ಸ್ಕೂಲಿನೋರು ಮತ್ತೆ ಕರೀತಿದಾರೆ, ನಾನು ಹೋಗ್ತೀನಿ!"

"ಏನು? ಯಾರು ಹೋದ್ರು?"

ಅಮ್ಮ ಇನ್ನೂ ಜೋರಾಗಿ ಕೂಗಿದಳು. ಅಪ್ಪ ಎದ್ದು ಒಳಗೆ ಬಂದ. "ಕೆಲಸಕ್ಕೆ ಹೋಗೋ ಆಸೆ ಇದೆ ಅಂತ ಒಂದಿನಾನಾದ್ರೂ ಹೇಳಿದ್ಯಾ ನೀನು?"

"ಹೋದ ವರ್ಷಾನೇ ಹೇಳಿ ಕಳ್ಸಿದ್ನಲ್ಲ ರೀ! ನೀವು ಕೇಬಲ್ ಟಿವಿ ಹಾಕ್ಸಿ ಬಾಯಿ ಮುಚ್ಚಿಸಿದ್ರಿ."

"ಬೇಜಾರು ಅಂದ್ಯಂತೆ, ಅದಕ್ಕೆ ಹಾಕ್ಸಿದೆ!"

ಇಬ್ಬರೂ ನನ್ನತ್ತ ತಿರುಗಿದರು. "ಮತ್ತೆ ಕೆಲಸಕ್ಕೆ ಹೋಗ್ಬೇಕು" ಎಂಬ ಅಮ್ಮನ ಮಾತನ್ನು, ಜಗಳವಾದೀತೆಂದು ಹೆದರಿ, "ಅಮ್ಮಂಗೆ ಮನೇಲಿ ಬೇಜಾರಂತೆ" ಎಂದು ತಿದ್ದಿ ಹೇಳಿದವಳು ನಾನು. ಶಾಂತಿ ಕಾಯುತ್ತಿದ್ದೇನೆಂದುಕೊಂಡೇ ಅವರ ಮೌನಕ್ಕೆ ಬೀಗ ಹಾಕಿದ್ದೆ. ಎಲ್ಲವನ್ನೂ ಒಪ್ಪಿಕೊಂಡೆ.

ಆಮೇಲೆ ಅವರು ಜಗಳವಾಡಿದರು. ಅಬ್ಬಾ, ಎಂಥ ಜಗಳ! ಮೂರು ವರ್ಷದ ಮಾತೆಲ್ಲ ಒಂದೇ ಸಂಜೆ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. ವಿಷಯ ಅರ್ಥವಾದ ಮೇಲೆ ಅಜ್ಜಿಯೇ, "ನಾನೇನು ಎಳೆ ಮಗೂನಾ? ಹೋಗ್ಲಿ ಬಿಡೋ ಅವಳು," ಎಂದು ಅಪ್ಪನನ್ನು ಗದರಿದಳು.

ಜೂನ್‌ನಲ್ಲಿ ಸ್ಕೂಲು ಶುರುವಾದ ದಿನ ಅಮ್ಮ ಇಸ್ತ್ರಿ ಸೀರೆಯುಟ್ಟು ಗೇಟಿನ ಹತ್ತಿರ ನಿಂತಿದ್ದಳು. "ರೀ, ಹೊತ್ತಾಯ್ತು," ಎಂದಳು. ಅಪ್ಪ ಸ್ಕೂಟರ್ ಬಾಗಿಸಿ ಒದೆಯುತ್ತಿದ್ದ. "ಬಂದೆ ಮಾರಾಯ್ತಿ, ಇದು ಸ್ಟಾರ್ಟ್ ಆಗ್ಬೇಡ್ವಾ?"