ರೈನ್ ನದಿಗೊಂದು ಬಾಗಿನ

ನಿಧಾನವಾಗಿ ಹೋಗುವುದಕ್ಕೂ ಜನ ದುಡ್ಡು ಕೊಡುತ್ತಾರೆಂಬುದು ನಾನು ನಿವೃತ್ತನಾಗುವವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಚಳ್ಳಕೆರೆಯಿಂದ ದೇವಸಮುದ್ರದ ಕಡೆ ಹೋಗುವ ಬಸ್ಸು ಕೈ ಅಡ್ಡ ಹಾಕಿದಲ್ಲೆಲ್ಲ ನಿಂತು, ಕುರಿಹಿಂಡು ರಸ್ತೆ ದಾಟುವ ತನಕ ಕಾದು, ಡ್ರೈವರ್ ಟೀ ಕುಡಿದ ಮೇಲೆ ಹೊರಟರೆ ಅದನ್ನು ನಾವು ದರಿದ್ರ ಸರ್ವೀಸು ಎಂದು ಬೈಯುತ್ತೇವೆ. ಅದೇ ಕೆಲಸವನ್ನು ಜರ್ಮನಿಯಲ್ಲಿ ಒಂದು ಹಡಗು ಮಾಡಿದರೆ ಅದು ವಿಹಾರ. ಮೇಲಿನ ಅಟ್ಟದಲ್ಲಿ ಒರಗುಕುರ್ಚಿ ಹಾಕಿ, ಕಾಲ ಮೇಲೊಂದು ಕಂಬಳಿ ಹೊದಿಸಿ, ಬೇಗ ಹೋಗುವುದು ಎಷ್ಟು ಅಸಭ್ಯ ಎಂದು ನಮಗೆ ಮನವರಿಕೆ ಮಾಡಿಕೊಡುತ್ತಾರೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು. ರೈನ್ ನದಿಯ ಎರಡೂ ದಂಡೆಯಲ್ಲಿ ಹಳೇ ಪಟ್ಟಣಗಳು, ಗುಡ್ಡದ ಮೇಲೊಂದೊಂದು ಕೋಟೆ. ಗೈಡು ಪ್ರತಿ ಕೋಟೆಯನ್ನೂ ತನ್ನ ಮುತ್ತಜ್ಜನೇ ಕಟ್ಟಿಸಿದನೆಂಬಂತೆ ತೋರಿಸುತ್ತಿದ್ದ. ಒಂದು ಗೋಡೆಗೆ ಏಳುನೂರು ವರ್ಷ ಎಂದಾಗ ಜೊತೆಗಿದ್ದವರೆಲ್ಲ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೇ ಇದೆ, ಅದರ ಸುತ್ತಮುತ್ತ ಕುರಿಗಳು ಮೇಯುತ್ತವೆ. ಅಲ್ಲಿ ಒರಗುಕುರ್ಚಿಯೂ ಇಲ್ಲ, ಕಂಬಳಿ ಹೊದಿಸುವವರೂ ಇಲ್ಲ, ಹಾಗಾಗಿ ಉಸಿರು ಬಿಗಿಹಿಡಿಯಬೇಕೆಂದು ನಮಗೆ ತೋಚಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಮದ್ದಿನ ವಿಷಯಕ್ಕಷ್ಟೇ ಹೇಳಿದ ಮಾತಲ್ಲ.

ನನ್ನ ಹೆಂಡತಿ ಸರೋಜಳಿಗೆ ಕೋಟೆಗಳ ಗೊಡವೆಯೇ ಇರಲಿಲ್ಲ. ಮೊದಲನೆಯ ದಿನ ಕಂಬಿ ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದಳು.

"ಏನ್ರೀ, ಇಷ್ಟು ನೀರು ಯಾರ ಹೊಲಕ್ಕೆ ಹೋಗ್ತೈತೆ?"

"ಯಾರ ಹೊಲಕ್ಕೂ ಇಲ್ಲ. ಸಮುದ್ರಕ್ಕೆ."

"ಸುಮ್ನೆ?"

ಸುಮ್ಮನೆ ಎಂದು ಹೇಳಲು ನನಗೇ ನಾಚಿಕೆಯಾಯಿತು. ನೀರು ಸುಮ್ಮನೆ ಹರಿದುಹೋಗುವುದನ್ನು ನಮ್ಮ ಸೀಮೆಯವರು ನೋಡಿ ಸುಮ್ಮನಿರಲಾರರು. ಆದರೆ ಅವಳ ಕಳವಳಕ್ಕೆ ಬೇರೆಯೇ ಕಾರಣವಿತ್ತು. ಅವಳ ಸೂಟ್‌ಕೇಸಿನಲ್ಲಿ, ನನ್ನ ಸ್ವೆಟರನ್ನು ಹೊರಗೆಸೆದು ಮಾಡಿಕೊಂಡ ಜಾಗದಲ್ಲಿ, ಎರಡು ಬಿದಿರಿನ ಮೊರಗಳಿದ್ದವು. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಹಸಿರು ಬಳೆ, ರೇಷ್ಮೆ ಕಣ. ಇನ್ನೊಂದು ಅದರ ಮುಚ್ಚಳ.

ಇದು ಅವಳ ಅವ್ವನ ಬಾಗಿನ. ನಮ್ಮತ್ತೆ ಮೊಳಕಾಲ್ಮುರಿನ ಮಗ್ಗದ ಮನೆಯವರು. ಮಗ, ಸೊಸೆ, ಮೊಮ್ಮಕ್ಕಳ ನಡುವೆ ಈಗಲೂ ದರ್ಬಾರು ನಡೆಸುತ್ತಿದ್ದಾರೆ. ಬೈಗುಳ ತೆಲುಗಿನಲ್ಲಿ, ಬುದ್ಧಿಮಾತು ಕನ್ನಡದಲ್ಲಿ. ಬಹಳ ವರ್ಷದ ಮೇಲೆ ಕೆರೆ ತುಂಬಿ ಕೋಡಿ ಬಿದ್ದಾಗ ಅವರೂ ಮೊರ ಹಿಡಿದು ಹೋಗಿದ್ದರು. ಆದರೆ ಗಂಗಮ್ಮನಿಗೆ ಬಾಗಿನ ಕೊಡುವ ಹಕ್ಕು ಮೊದಲು ಗಣ್ಯರದು, ಆಮೇಲೆ ಗಣ್ಯರ ಬೆಂಬಲಿಗರದು, ಆಮೇಲೆ ಅವರ ಫೋಟೋ ತೆಗೆಯುವವರದು. ಭಾಷಣ ಮುಗಿಯುವಷ್ಟರಲ್ಲಿ ಪೊಲೀಸರು ಜನರನ್ನು ಚದುರಿಸಿದರು. ಅತ್ತೆ ತುಂಬಿದ ಮೊರದೊಂದಿಗೆ ಮನೆಗೆ ಬಂದರು. ಆ ಕೊರಗು ಅವರನ್ನು ಬಿಟ್ಟಿರಲಿಲ್ಲ. ನಾವು ಹೊರಡುವ ಸುದ್ದಿ ಕೇಳಿ ಫೋನಿನಲ್ಲಿ, "ಹರಿಯೋ ನೀರು ಕಂಡ್ರೆ ನನ್ನ ಹೆಸರಲ್ಲಿ ಒಂದು ಬಾಗಿನ ಬಿಡು ತಾಯಿ. ಇನ್ನೊಂದು ಸಲ ಕೋಡಿ ಬೀಳೋದು ನೋಡ್ತೀನೋ ಇಲ್ವೋ," ಎಂದಿದ್ದರು.

ಹಡಗಿನಲ್ಲಿ ಅನುಮತಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಮೇಲ್ವಿಚಾರಕಿ ಮೊರ ಬಿಚ್ಚಿ, ಬಳೆಗಳನ್ನು ಬೆಳಕಿಗೆ ಹಿಡಿದು, ಇವೆಲ್ಲ ನದಿಗೆ ಯಾಕೆ ಎಂದಳು. ನಮ್ಮಲ್ಲಿ ನದಿ ಹೆಂಗಸು ಎಂದೆ. ಅವಳು ಗಂಭೀರವಾಗಿ, ತಮ್ಮಲ್ಲಿ ರೈನನ್ನು ತಂದೆ ಎನ್ನುತ್ತಾರೆ, ಮತ್ತು ತಂದೆಯ ಮೇಲೆ ಏನನ್ನೂ ಎಸೆಯುವಂತಿಲ್ಲ, ಎಸೆದರೆ ದಂಡ ಎಂದಳು. ನಾನು ಇದನ್ನು ಸರೋಜಳಿಗೆ ತಿಳಿಸಿದೆ.

"ಗಂಡಸಾದ್ರೆ ಏನಂತೆ? ಬಳೆ ತೆಗೆದಿಟ್ಟು ಉಳಿದಿದ್ದು ಕೊಡಾಣ," ಎಂದಳು.

ಆಮೇಲಿನ ದಿನಗಳಲ್ಲಿ ನಾನು ವಿಹಾರ ಮಾಡಿದ್ದು ಅಷ್ಟರಲ್ಲೇ ಇದೆ. ಉಳಿದವರು ದ್ರಾಕ್ಷಿ ತೋಟ ನೋಡುತ್ತಿದ್ದರೆ ನಾನು ಕಾವಲಿಲ್ಲದ ಮೆಟ್ಟಿಲು ಹುಡುಕುತ್ತಿದ್ದೆ. ಕೊನೆಯ ದಿನ ಇಳಿದ ಊರಿನಲ್ಲಿ, ಹಳೇ ಚರ್ಚಿನ ಹಿಂದೆ, ನೀರಿಗಿಳಿಯುವ ಕಲ್ಲುಮೆಟ್ಟಿಲು ಸಿಕ್ಕಿತು. ಸರೋಜ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಜರ್ಕಿನ್ನು, ಕೆಳಗೆ ಬೂಟು ಹಾಕಿ, ಕಳ್ಳಿಯಂತೆ ಇಳಿದಳು. ದಂಡ ಬಿದ್ದರೆ ಯಾವ ಭಾಷೆಯಲ್ಲಿ ಅಳಬೇಕೆಂದು ಯೋಚಿಸುತ್ತ ನಾನು ಕಾವಲು ನಿಂತೆ. ಅವ್ವ ಕಣ್ಣಾರೆ ನೋಡಲಿ ಎಂದು ಅವಳು ವಿಡಿಯೋ ಕಾಲ್ ಮಾಡಿದಳು. ಅತ್ತೆಯ ಅರ್ಧ ಹಣೆ ಕಂಡಿತು, ಹಿಂದೆ ಮಗ್ಗದ ಸದ್ದು.

"ನೋಡವ್ವಾ, ಹೆಂಗೆ ಹರಿತೈತೆ!"

"ಅಬ್ಬಬ್ಬಾ. ಎಷ್ಟು ವರ್ಷಕ್ಕೆ ಬಂತೇ ಈ ನೀರು?"

"ಇದು ಯಾವಾಗ್ಲೂ ಇರ್ತೈತೆ ಕಣವ್ವಾ."

"ಬೇಸಿಗೇಲೂ?"

"ಬೇಸಿಗೇಲೂ."

ಅತ್ತೆ ಕನ್ನಡದಲ್ಲೇ ಮುಂದುವರಿಸಿದರು. ಅಂದರೆ ಬುದ್ಧಿಮಾತು. ತೆಲುಗಾಗಿದ್ದರೆ ಬೈದು ಮುಗಿಸುತ್ತಿದ್ದರು.

"ಹಂಗಾದ್ರೆ ಮೊರ ಒಳಗಿಡು. ಬಾಗಿನ ಅಂಬೋದು ತವರಿಗೆ ಬಂದ ಮಗಳಿಗೆ ಕೊಡೋದು ಕಣೇ. ನಮ್ಮೂರ ನೀರು ಅಪರೂಪಕ್ಕೆ ಬರ್ತೈತೆ, ಅದಕ್ಕೆ ಮಡಿಲು ತುಂಬ್ತೀವಿ. ಈ ನೀರು ಎಲ್ಲೂ ಹೋಗಿಲ್ಲ, ಎಲ್ಲಿಂದಾನೂ ಬಂದಿಲ್ಲ. ಇದಕ್ಯಾಕೆ?"

"ನಿನ್ನ ಆಸೆ ಅಲ್ವೇನವ್ವಾ..."

"ನನ್ನ ಆಸೆ ಇರ್ಲಿ. ನೀನು ಈ ಮನೆಗೆ ಬಂದು ಎರಡು ಯುಗಾದಿ ಆತು. ಚಳ್ಳಕೆರೆ ಏನು ಜರ್ಮನೀಲಿ ಐತಾ? ಮೊರ ತಗೊಂಡು ಬಾ. ಬಂದೋಳಿಗೆ ಕೊಡ್ತೀನಿ."

ಫೋನು ಸುಮ್ಮನಾಯಿತು. ಸರೋಜ ಮೆಟ್ಟಿಲ ಮೇಲೆಯೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೋಟೆ ನೋಡುವವನಂತೆ ಮೇಲೆ ನೋಡಿದೆ. ವೀಸಾ ಕೇಳುವ ಊರಿಗೆ ಹೋಗಲು ವರ್ಷದಿಂದ ತಯಾರಿ ನಡೆಸಿದ್ದ ನಮಗೆ, ಬಸ್ಸು ಹತ್ತಿದರೆ ಸಾಕಾದ ಊರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ದೂರದ್ದಕ್ಕೆ ದಿನ ಗೊತ್ತು ಮಾಡುತ್ತೇವೆ, ಹತ್ತಿರದ್ದಕ್ಕೆ ನಾಳೆ ಎನ್ನುತ್ತೇವೆ.

ಬೆಂಗಳೂರಿನಲ್ಲಿ ಇಳಿದು, ಚಳ್ಳಕೆರೆ, ಮೊಳಕಾಲ್ಮುರಿನ ಮೇಲೆ ಹೋಗುವ ರಾಯದುರ್ಗದ ಬಸ್ಸು ಹತ್ತಿದೆವು. ಚಳ್ಳಕೆರೆ ಬಂತು. ನಾನು ಸೂಟ್‌ಕೇಸಿಗೆ ಕೈ ಹಾಕಿ ಎದ್ದೆ. ಸರೋಜ ಏಳಲಿಲ್ಲ.

"ಇಳೀರಮ್ಮಾ, ನಿಮ್ದು ಇಲ್ಲೀಗಂಟ ಟಿಕೆಟ್ಟು," ಎಂದ ಕಂಡಕ್ಟರು.

"ಮೊಳಕಾಲ್ಮುರಿಗೆ ಹರೀರಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬೇಕಾದ್ರೆ ಇಳೀರಿ. ಬಾಗಿನ ಇರೋದು ನನಗೆ."

ನಾನು ಕೂತುಕೊಂಡೆ.