ಈ ಸಲ ಹಲ್ಲುನೋವು

ಶನಿವಾರ ಮಧ್ಯಾಹ್ನ ಅನ್ನಕ್ಕೆ ತಂಬುಳಿ ಕಲಸಿ ಬಾಯಿಗಿಟ್ಟಾಗ ಎಡಗಡೆಯ ಕೆಳದವಡೆಯ ಹಲ್ಲೊಂದು ಝಿಲ್ಲೆಂದಿತು. ತಂಬುಳಿ ತಣ್ಣಗಿದೆ, ಅದಕ್ಕೇ ಇರಬೇಕು ಎಂದುಕೊಂಡು ಬಲಗಡೆಯಿಂದ ಅಗಿದು ಊಟ ಮುಗಿಸಿದೆ. ಸಂಜೆ ಬಿಸಿ ಚಹಾ ಕುಡಿಯುವಾಗಲೂ ಅದೇ ಹಲ್ಲು ತಕರಾರು ತೆಗೆಯಿತು. ನನ್ನ ಹೃದಯದ ವಾಲ್ವು ಬದಲಿಸುವ ಆಪರೇಶನ್ನಿಗೆ ಆಗ ಒಂಬತ್ತೇ ದಿನ ಉಳಿದಿತ್ತು.

ಅದು ತೊಂಬತ್ತರ ದಶಕದ ಕೊನೆ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಯಲ್ಲಾಪುರದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ. ಸಣ್ಣವನಿದ್ದಾಗ ಕೀಲುಕೀಲೆಲ್ಲ ಬಾತು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿದ್ದೆನಂತೆ. ಆ ಜ್ವರ ಹೋಗುವಾಗ ಹೃದಯದ ಒಂದು ವಾಲ್ವನ್ನು ಕೆಡಿಸಿಟ್ಟು ಹೋಗಿತ್ತು. ಅದು ಗೊತ್ತಾಗಲಿಕ್ಕೆ ಮೂವತ್ತು ವರ್ಷ ಬೇಕಾಯಿತು. ಕಿರವತ್ತಿಯಲ್ಲಿ ಜನರನ್ನು ಹತ್ತಿಸಿಕೊಂಡು ಸೀಟಿ ಊದಿದರೆ ಅರ್ಧಕ್ಕೇ ಉಸಿರು ಮುಗಿಯುತ್ತಿತ್ತು. ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಡ್ರೈವರ್ ಹಿಂತಿರುಗಿ ನೋಡುತ್ತಿದ್ದ. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿ, ಡಿಪೋದವರು ನನ್ನನ್ನು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಕೂರಿಸಿದರು. ಬಂದ ಬಸ್ಸು, ಹೋದ ಬಸ್ಸು ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಆಪರೇಶನ್ನಿಗೆ ಮೊದಲು ಹಲ್ಲಿನ ಡಾಕ್ಟರ ಚೀಟಿ ಬೇಕು ಅಂದಿದ್ದರು. ನನಗೆ ನಗು ಬಂದಿತ್ತು, ಎದೆಯ ಕೆಲಸಕ್ಕೆ ಹಲ್ಲಿನ ಚೀಟಿ ಯಾಕೆ ಅಂತ. ಅವರು ಸಮಾಧಾನದಿಂದಲೇ ವಿವರಿಸಿದ್ದರು: ಹುಳುಕು ಹಲ್ಲಿನ ವಿಷ ರಕ್ತದಲ್ಲಿ ಸೇರಿ ಸೀದಾ ಹೊಸ ವಾಲ್ವಿಗೇ ಹೋಗಿ ಕೂರುತ್ತದೆ, ಕೂತರೆ ಜೀವಕ್ಕೇ ಅಪಾಯ. ಶಿರಸಿಯ ಹಲ್ಲಿನ ಡಾಕ್ಟರರಿಗೆ ತೋರಿಸಿ ಎಲ್ಲ ಸರಿ ಇದೆ ಎಂಬ ಚೀಟಿ ತಂದು ತಿಂಗಳಾಗಿತ್ತು. ಅದು ಹೆಂಡತಿ ಕಟ್ಟಿಟ್ಟ ಚೀಲದಲ್ಲಿ ಎಕ್ಸ್‌ರೇ ಜೊತೆ ಭದ್ರವಾಗಿತ್ತು.

ಇಷ್ಟೇ ಆಗಿದ್ದರೆ ಹಲ್ಲು ನೋಯುತ್ತಿದೆ ಅಂತ ಹೇಳಲಿಕ್ಕೆ ನನಗೇನೂ ತೊಂದರೆ ಇರಲಿಲ್ಲ. ಆದರೆ ಅದಕ್ಕಿಂತ ಮೊದಲು ನಾನು ಎರಡು ಸಲ ಆಪರೇಶನ್ ತಪ್ಪಿಸಿದ್ದೆ.

ಮೊದಲನೆಯ ಸಲ ಕೆಮ್ಮು. ಅದನ್ನು ನಾನೇ ಬರಿಸಿಕೊಂಡಿದ್ದೆ. ಮೂರು ದಿನ ಬಸ್‌ಸ್ಟ್ಯಾಂಡಿನಲ್ಲಿ ಕದ್ದು ಐಸ್‌ಕ್ಯಾಂಡಿ ತಿಂದೆ. ನಲವತ್ತು ದಾಟಿದ ಗಂಡಸು ಕಂಟ್ರೋಲರ್ ಕೋಣೆಯ ಬಾಗಿಲು ಹಾಕಿಕೊಂಡು ಕೆಂಪು ಕ್ಯಾಂಡಿ ಚೀಪುವುದನ್ನು ಯಾರಾದರೂ ನೋಡಿದ್ದರೆ ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. ಕೆಮ್ಮು ಬಂತು, ತಾರೀಕು ಮುಂದೆ ಹೋಯಿತು. ಎರಡನೆಯ ಸಲ ರಜೆ ಮಂಜೂರಾಗಲಿಲ್ಲ ಅಂತ ಮನೆಯಲ್ಲಿ ಹೇಳಿದೆ. ವಾರದ ಮೇಲೆ ಹೆಂಡತಿ ಪೇಟೆಗೆ ಬಂದಾಗ ಡಿಪೋ ಮ್ಯಾನೇಜರೇ ಎದುರಾಗಿ, “ಏನಮ್ಮಾ, ಆಪರೇಶನ್ ಆಯ್ತಾ? ನಾನು ರಜೆ ಕೊಟ್ಟು ಎಷ್ಟು ದಿನ ಆಯ್ತು!” ಅಂದುಬಿಟ್ಟರು. ಅವತ್ತು ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಊಟ ಬಡಿಸಿ ಎದುರಿಗೆ ಕೂತು, “ಇನ್ನೊಂದು ಸಲ ಹಿಂಗೆ ಮಾಡಿದ್ರೆ ಆನು ನಿಂಗ್ಳ ಜೊತೆ ಮಾತಾಡ್ತಿಲ್ಲೆ,” ಅಂದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

ಮೂರನೆಯ ತಾರೀಕಿಗೆ ನಾನು ನಿಜವಾಗಿ ಧೈರ್ಯ ಮಾಡಿದ್ದೆ. ಡಾಕ್ಟರರೂ ಇನ್ನು ತಡ ಮಾಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬೆಳಿಗ್ಗೆ ಎದ್ದು ಇನ್ನೆಷ್ಟು ದಿನ ಅಂತ ಲೆಕ್ಕ ಹಾಕುವುದು, ಎದೆ ಡವಡವ ಅಂದಾಗ ಕೆಲಸದಲ್ಲಿ ಮುಖ ಹುಗಿಸುವುದು, ಹೀಗೆ ದಿನ ದೂಡುತ್ತಿದ್ದೆ. ಆಗಲೇ ಈ ಹಲ್ಲು.

ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ದೋಸೆ ಹೊಯ್ಯುತ್ತಿದ್ದವಳಿಗೆ, “ಒಂದು ಹಲ್ಲು ನೋಯ್ತಾ ಇದ್ದು,” ಅಂದೆ.

ಅವಳು ಕಾವಲಿಯ ಮೇಲಿನ ದೋಸೆ ಮಗುಚಲಿಲ್ಲ. ನನ್ನ ಕಡೆ ತಿರುಗಿ, “ಈ ಸಲ ಹಲ್ಲನ?” ಅಂದಳು.

ಅಷ್ಟೇ. ದೋಸೆ ಸೀದ ವಾಸನೆ ಬಂತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ತಟ್ಟೆ ಸರಿಸಿ ಎದ್ದು ಹೋದೆ. ಸಿಟ್ಟು ಅವಳ ಮೇಲಲ್ಲ, ಅವಳ ಮಾತಿಗೆ ಎದುರುತ್ತರ ಕೊಡುವ ಯೋಗ್ಯತೆ ನನಗಿರಲಿಲ್ಲವಲ್ಲ, ಅದರ ಮೇಲೆ. ಅಂದಿನಿಂದ ಹಲ್ಲಿನ ಸುದ್ದಿ ಎತ್ತಲಿಲ್ಲ. ಜೇಬಿನಲ್ಲಿ ಲವಂಗ ಇಟ್ಟುಕೊಂಡು ತಿರುಗಿದೆ.

ಕೆಟ್ಟದ್ದೆಂದರೆ ನನಗೇ ನನ್ನ ಹಲ್ಲಿನ ಮೇಲೆ ನಂಬಿಕೆ ಹೊರಟುಹೋಯಿತು. ಕೆಮ್ಮು ಬರಿಸಿಕೊಂಡವನು ಹಲ್ಲುನೋವನ್ನೂ ಬರಿಸಿಕೊಂಡಿರಬಾರದೇಕೆ? ಈ ಸಲ ನನಗೂ ಗೊತ್ತಾಗದ ಹಾಗೆ ಹೆದರಿಕೆಯೇ ಹೋಗಿ ದವಡೆಯಲ್ಲಿ ಕೂತಿರಬಹುದು. ಸೋಮವಾರ ಬೆಳಿಗ್ಗೆ ಇದನ್ನು ಪರೀಕ್ಷೆ ಮಾಡಿದೆ. ಎಂಟೂವರೆಯ ಹೊತ್ತಿಗೆ ಶಿರಸಿಯದು, ಹುಬ್ಬಳ್ಳಿಯದು, ಅಂಕೋಲೆಯದು ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ಕಾಲೇಜಿನ ಹುಡುಗರ ಗಲಾಟೆ, ಕಂಡಕ್ಟರುಗಳ ಸಹಿ, ನಡುವೆ ಮೈಕಿನಲ್ಲಿ ನನ್ನ ಕೂಗು. ಗಲಾಟೆ ಇಳಿದ ಮೇಲೆ ನೆನಪಾಯಿತು, ಅರ್ಧ ಗಂಟೆ ಹಲ್ಲು ನೋಯಲೇ ಇಲ್ಲ. ಹಾಗಾದರೆ ಸುಳ್ಳು ನೋವು! ಅಂದುಕೊಂಡದ್ದೇ ತಡ, ಮತ್ತೆ ಶುರುವಾಯಿತು. ಆದರೆ ಅದೇ ಅರ್ಧ ಗಂಟೆ ನನಗೆ ಹೃದಯವೂ ನೆನಪಾಗಿರಲಿಲ್ಲ. ಹೃದಯ ಕೆಟ್ಟದ್ದು ಆಸ್ಪತ್ರೆಯವರು ತೆಗೆದ ಫೋಟೋದಲ್ಲೇ ಕಂಡಿದೆ, ಅದು ಸುಳ್ಳಲ್ಲ. ಮಂಗಳವಾರವೂ ಇದೇ ವಾದ ನನ್ನೊಳಗೆ ನಡೆಯಿತು. ಹೇಳಿದರೆ ಹೇಡಿ, ಮುಚ್ಚಿಟ್ಟು ಹೋಗಿ ಹಲ್ಲಿನ ವಿಷ ಏರಿದರೆ ಹೆಣ. ಶುಕ್ರವಾರ ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೊರಡುವುದು ನಿಕ್ಕಿಯಾಗಿತ್ತು.

ಬುಧವಾರ ಮಧ್ಯಾಹ್ನ ನನ್ನ ಹಳೆಯ ಜೊತೆಗಾರ ಡ್ರೈವರ್ ಸಹಿ ಮಾಡಲಿಕ್ಕೆ ಬಂದ. ಕಲಘಟಗಿ ಕಡೆಯವನು. ಏಳು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ನಾವು.

“ಗಲ್ಲ ಯಾಕ್ ಹಿಡ್ಕೊಂಡ್ ಕುಂತೀರಿ?” ಅಂದ.

ಯಾರಿಗೂ ಹೇಳಬಾರದೆಂದಿದ್ದವನು ಅವನಿಗೆ ಎಲ್ಲ ಹೇಳಿದೆ, ಐಸ್‌ಕ್ಯಾಂಡಿಯ ಕಥೆಯನ್ನೂ ಬಿಡಲಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮೇಜಿನ ತುದಿಗೆ ಕೂತು ಕೇಳಿದ:

“ಬ್ರೇಕ್ ಹಿಡೀವಲ್ದು ಅಂತ ನಾ ಕಂಪ್ಲೇಂಟ್ ಬುಕ್ಕಿನ್ಯಾಗ ಬರದೆ ಅಂತ ತಿಳ್ಕೋರಿ. ಮೆಕ್ಯಾನಿಕ್ ಏನ್ ಮಾಡ್ತಾನ?”

“ನೋಡ್ತಾನೆ.”

“ಇವ ಡ್ಯೂಟಿ ತಪ್ಪಸ್ಲಿಕ್ಕೆ ಬರದಾನ ಅಂತ ಅವಂಗ ಅನಸಿದ್ರ?”

“ಆದ್ರೂ ನೋಡಲೇಬೇಕು. ನೋಡದೆ ಗಾಡಿ ಬಿಡೋ ಹಾಗಿಲ್ಲ.”

“ಮತ್ತ? ನಿಮಗ ನಿಮ್ ಮ್ಯಾಲೆ ನಂಬಿಗಿ ಇಲ್ಲ ಅಂದ್ರ ಬಿಡ್ರಿ. ಬುಕ್ಕಿನ್ಯಾಗ ಬರೀರಿ, ನೋಡೋರು ನೋಡ್ಲಿ. ನಾಳೆ ಮುಂಜಾನೆ ನಂದು ಶಿರಸಿ ಗಾಡಿ. ಬರ್ರಿ.”

ಇಷ್ಟು ಸರಳವಾದದ್ದು ನನಗೆ ನಾಲ್ಕು ದಿನ ಹೊಳೆದಿರಲಿಲ್ಲ. ಎಷ್ಟೋ ಡ್ರೈವರುಗಳು ಸುಳ್ಳು ಕಂಪ್ಲೇಂಟ್ ಬರೆದದ್ದನ್ನು ನಾನೇ ಕಂಡಿದ್ದೇನೆ. ಮೆಕ್ಯಾನಿಕ್ ಗೊಣಗುತ್ತಲೇ ಬಸ್ಸಿನ ಅಡಿಗೆ ನುಗ್ಗುತ್ತಿದ್ದ, ನುಗ್ಗದೆ ಒಂದು ದಿನವೂ ಸಹಿ ಮಾಡಿದವನಲ್ಲ.

ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುತ್ತೇನೆಂದು ಹೇಳಿ ಹೊರಟವನು ಅವನ ಬಸ್ಸು ಹತ್ತಿದೆ. ಹೆಂಡತಿಗೆ ತಿಳಿಸಲಿಲ್ಲ. ತಿಳಿಸಿದರೆ ಅವಳ ಮುಖ ನೋಡಬೇಕಾಗುತ್ತಿತ್ತು. ಶಿರಸಿ ತಲುಪುವವರೆಗೆ ಕಿಟಕಿಯ ಸರಳು ಹಿಡಿದು ಒಂದೇ ಬೇಡಿಕೊಂಡೆ: ದೇವರೇ, ಹಲ್ಲು ನಿಜವಾಗಿ ಹುಳುಕಾಗಿರಲಿ. ಹಾಗೆ ಬೇಡಿಕೊಂಡವನು ಆ ಬಸ್ಸಿನಲ್ಲಿ ನಾನೊಬ್ಬನೇ ಇರಬೇಕು.

ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಒರಗಿಸಿ, ಸಣ್ಣ ಉಕ್ಕಿನ ಕಡ್ಡಿಯಿಂದ ಒಂದೊಂದೇ ಹಲ್ಲು ತಟ್ಟುತ್ತ ಬಂದರು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಮುಟ್ಟಿದ್ದೇ ತಡ, ನಾನು ಕುರ್ಚಿಯಿಂದ ಹಾರಿಬಿದ್ದೆ. ಪುಟ್ಟ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಹಿಂದೊಮ್ಮೆ ಹಲ್ಲಿಗೆ ತುಂಬಿದ್ದ ಸಿಮೆಂಟಿನ ಕೆಳಗೆ, ಬೇರಿನ ತುದಿಯಲ್ಲಿ, ಕಾಳುಮೆಣಸಿನಷ್ಟು ಕಪ್ಪು ಗುರುತು.

“ಕೀವು ಕಟ್ಟಿದೆ. ಹೋದ ಸಲ ಮೇಲಿಂದ ಕಾಣೋ ಹಾಗಿರಲಿಲ್ಲ,” ಅಂದರು.

“ನಿಜವಾಗ್ಲೂ ಇದೆಯಾ?” ಎಂದು ಕೇಳಿದೆ. ನನಗೆ ನಗು ತಡೆಯಲಾಗಲಿಲ್ಲ. ಹಲ್ಲು ಕೆಟ್ಟಿದೆ ಎಂದರೆ ಇಷ್ಟು ಖುಷಿಪಡುವ ಮನುಷ್ಯನನ್ನು ಅವರು ಕಂಡಿರಲಿಕ್ಕಿಲ್ಲ. ಹೃದಯದ ತೊಂದರೆ ಇರುವುದರಿಂದ ಮೊದಲು ಮಾತ್ರೆ ನುಂಗಿಸಿ, ಒಂದು ಗಂಟೆ ಬಿಟ್ಟು ಹಲ್ಲು ಕೀಳುತ್ತೇನೆಂದು ಹೇಳಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

ಅಲ್ಲಿ ಕೂತಿದ್ದಾಗಲೇ ಹೆಂಡತಿ ಒಳಗೆ ಬಂದಳು. ನಾನು ಮನೆಯಲ್ಲಿ ಮರೆತುಬಂದ ಎದೆಯ ಮಾತ್ರೆ ಕೊಡಲಿಕ್ಕೆ ಬಸ್‌ಸ್ಟ್ಯಾಂಡಿಗೆ ಹೋದವಳಿಗೆ ನಾನು ಶಿರಸಿ ಬಸ್ಸು ಹತ್ತಿದ್ದು ಗೊತ್ತಾಗಿತ್ತು. ಅದರ ಹಿಂದೆ ಹೊರಟ ಬಸ್ಸಿಗೇ ಬಂದು, ಡ್ರೈವರನ್ನು ಕೇಳಿಕೊಂಡು ಇಲ್ಲಿಗೆ ತಲುಪಿದ್ದಳು. ಮನೆಯಲ್ಲಿ ಉಡುವ ಸೀರೆ, ಕೈಯಲ್ಲಿ ಮಾತ್ರೆಯ ಪೊಟ್ಟಣ.

“ಓಡಿ ಹೋದ್ರಿ ಹೇಳಿ ತಿಳ್ಕಂಡಿದ್ದೆ,” ಅಂದಳು.

ನಾನು ಎಕ್ಸ್‌ರೇ ಅವಳ ಕೈಗೆ ಕೊಟ್ಟೆ. ಡಾಕ್ಟರು ಬಾಗಿಲಿಗೆ ಬಂದು ಎಲ್ಲ ವಿವರಿಸಿದರು. ಇದನ್ನಿಟ್ಟುಕೊಂಡು ಹೋಗಿದ್ದರೆ ಹೊಸ ವಾಲ್ವು ಉಳಿಯುತ್ತಿರಲಿಲ್ಲ, ಇವರು ಬಂದದ್ದು ಬಹಳ ಒಳ್ಳೆಯದಾಯಿತು ಅಂತ. ನಾನು ಅವಳ ಕಡೆ ನೋಡುತ್ತ ಕಾದೆ. ತಪ್ಪಾಯಿತು ಅನ್ನಲಿ ಎಂದು ಬಹಳ ಆಸೆಯಿತ್ತು. ಅವಳು ಅನ್ನಲಿಲ್ಲ. ಎಕ್ಸ್‌ರೇಯನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡು ಆ ಒಂದು ಗಂಟೆ ಪಕ್ಕದಲ್ಲೇ ಕೂತಳು. ಎಂತಹ ಗಟ್ಟಿ ಹೆಂಗಸು ಎಂದು ನನಗೆ ಒಳಗೊಳಗೇ ಉರಿಯಿತು.

ಹಲ್ಲು ಕಿತ್ತಾಯಿತು. ಸೋಮವಾರದ ಆಪರೇಶನ್ ಆಗುವುದಿಲ್ಲ, ಈಗಲೇ ಫೋನ್ ಮಾಡಿ ಹೇಳಿಬಿಡಿ ಅಂದರು ಡಾಕ್ಟರು. ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇತ್ತು. ಆಸ್ಪತ್ರೆಗೆ ಇದುವರೆಗೂ ಫೋನ್ ಮಾಡುತ್ತಿದ್ದವನು ನಾನೇ. ಆದರೆ ಈಗ ಬಾಯಿ ತುಂಬ ಹತ್ತಿ, ಅರ್ಧ ತುಟಿಗೆ ಸ್ಪರ್ಶವೇ ಇಲ್ಲ. ನೀನೇ ಮಾತಾಡು ಎಂದು ಸನ್ನೆ ಮಾಡಿ ನಂಬರ್ ಒತ್ತಿ ಕೊಟ್ಟೆ.

ಆ ಕಡೆಯಿಂದ ದನಿ ಬಂತು. “ಇಲ್ಲಿ ಶಿರಸಿಯಿಂದ ಮಾತಾಡೋದು,” ಅಂದಳು. ಊರು ಯಲ್ಲಾಪುರ ಎಂದಳು. ಯಾರಿಗೆ, ಏನು ಆಪರೇಶನ್ ಎಂದು ಕೇಳಿದ್ದು ನನಗೂ ಕೇಳಿಸಿತು.

“ನಮ್ಮನೆಯವ್ರಿಗೆ,” ಅಂದಳು. “ನಮ್ಮನೆಯವ್ರಿಗೆ...”

ಮುಂದೆ ಬರಲಿಲ್ಲ. ಆ ಕಡೆಯವರು ಹಲೋ ಹಲೋ ಅನ್ನುತ್ತಿದ್ದರು, ಗೋಡೆಯ ಮೀಟರಿನಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು, ಇಷ್ಟು ದಿನದಲ್ಲಿ ಈ ಹೆಂಗಸು ಒಂದು ಸಲವೂ ಹೃದಯದ ಆಪರೇಶನ್ ಎಂಬ ಮಾತನ್ನು ಬಾಯಲ್ಲಿ ಆಡಿಲ್ಲ. ಅಕ್ಕಪಕ್ಕದವರಿಗೆಲ್ಲ ಬೆಂಗಳೂರಿಗೆ ಹೋಗಿ ಬರುವುದಿದೆ ಅಂತಷ್ಟೇ ಹೇಳಿದ್ದಳು. ಅದನ್ನು ನಾನು ಅವಳ ಧೈರ್ಯ ಎಂದುಕೊಂಡಿದ್ದೆ.

ರಿಸೀವರ್ ತೆಗೆದುಕೊಂಡೆ. ಹತ್ತಿ ತೆಗೆದು, ಬಾಯಲ್ಲಿ ರಕ್ತದ ರುಚಿ ಇರುವಾಗಲೇ ತೊದಲುತ್ತ ಹೇಳಿದೆ, ನನ್ನದು, ಹೃದಯದ ವಾಲ್ವು ಬದಲಿಸುವುದು, ಸೋಮವಾರ ಇತ್ತು, ಹಲ್ಲು ಕಿತ್ತಿದೆ. ಅವರು ತಡೆಯಿರಿ ಎಂದು ಯಾರನ್ನೋ ಕೇಳಿ ಬಂದು ಮೂರು ವಾರ ಮುಂದಿನ ತಾರೀಕು ಕೊಟ್ಟರು.

“ಮೂರು ವಾರ ಮುಂದೆ ಹೋತು,” ಅಂದೆ ಅವಳಿಗೆ.

“ಅಬ್ಬಾ,” ಅಂದಳು, ಬೂತಿನ ಸ್ಟೂಲಿನ ಮೇಲೆ ಕುಸಿದು ಕೂತಳು.

ಆ ಅಬ್ಬಾ ನನಗೆ ಚೆನ್ನಾಗಿ ಪರಿಚಯವಿತ್ತು. ಎರಡು ಸಲ ತಾರೀಕು ತಪ್ಪಿದಾಗಲೂ ಅದು ನನ್ನೊಳಗೆ ಹುಟ್ಟಿತ್ತು, ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದೆ. ಈ ಸಲ ನನಗೆ ಬರಲೇ ಇಲ್ಲ. ಇದೊಂದು ಮುಗಿದುಹೋಗಲಿ ಅನ್ನಿಸಿತು. ನಡುವೆ ಯಾರಾದರೂ ಬರದಿದ್ದರೆ ಅವರ ಜಾಗಕ್ಕೆ ನನ್ನನ್ನೇ ಕರೆಯಿರಿ, ಹಲ್ಲಿನ ಡಾಕ್ಟರು ಒಪ್ಪಿದರೆ ಮುಂದಿನ ವಾರವಾದರೂ ಬರುತ್ತೇನೆ ಎಂದು ಫೋನಿನಲ್ಲಿ ಹೇಳತೊಡಗಿದೆ.

ಅವಳು ಎದ್ದು ಬಂದು ನನ್ನ ಅಂಗಿಯ ತೋಳು ಹಿಡಿದಳು.

“ಬ್ಯಾಡ, ಹಾಂಗೆ ಹೇಳಡಿ,” ಅಂದಳು. “ಮೂರು ವಾರ ಇರ್ಲಿ. ಮೂರು ವಾರ ನಿಂಗ ಮನೇಲಿ ಇರ್ತ್ರಿ ಅಲ್ದ.”

ನಾನು ರಿಸೀವರ್ ಇಟ್ಟೆ.