ಒದೆಯದ ಒದೆ

ಯುದ್ಧದ ಕಾಲ ಅದು. ನಾನು ಕುಮಟೆಯ ಪೇಟೆಯಲ್ಲಿ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕಿದ್ದೆ. ಆದರೆ ಅಳೆಯಲು ಬಟ್ಟೆಯೇ ಬರುತ್ತಿರಲಿಲ್ಲ. ರೇಶನ್ನಿನ ದಪ್ಪ ಬಟ್ಟೆ ಹಂಚುವ ದಿನ ಬಿಟ್ಟರೆ ಉಳಿದ ದಿನವೆಲ್ಲ ಗಜಕೋಲು ಹಿಡಿದು ಕೂತಿರುವುದೇ ಕೆಲಸ. ಸಾವ್ಕಾರರು ನನ್ನನ್ನು ಬಿಡಿಸದೆ ಇಟ್ಟುಕೊಂಡಿದ್ದು ನನ್ನ ಕೈ ನೋಡಿ ಅಲ್ಲ, ಕಾಲು ನೋಡಿ. ಊರಿನ ಫುಟ್‌ಬಾಲ್ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯಬೇಕಾದವನು ನಾನು.

ಸಾವ್ಕಾರರು ಜನ್ಮದಲ್ಲಿ ಒಮ್ಮೆಯೂ ಚೆಂಡು ಮುಟ್ಟಿದವರಲ್ಲ. ಆದರೆ ಪಂದ್ಯ ಎಲ್ಲಿದ್ದರೂ ಕೊಡೆ ಹಿಡಿದು ಗೆರೆಯ ಮೇಲೇ ನಿಲ್ಲುತ್ತಿದ್ದರು. ಎಷ್ಟೋ ಸಲ ಗೆರೆಯ ಒಳಗೆ. ಅವರ ಅಂಗಡಿಯ ಜಗಲಿಯಲ್ಲಿ ಸಂಜೆ ಸೇರುವ ಮಂದಿ ನನ್ನ ಊಟ ತಿಂಡಿಯನ್ನೂ ತೀರ್ಮಾನಿಸುತ್ತಿದ್ದರು. ಮಜ್ಜಿಗೆ ಕುಡಿದರೆ ಕಾಲಿನ ಕಾವು ಇಳಿಯುತ್ತದೆ, ಕೊಡಬಾರದು ಎಂದು ಅವ್ವನಿಗೆ ಹೇಳಿ ಕಳಿಸಿದ್ದರು. ಕ್ಷೌರದವನು ಗಡ್ಡ ಹೆರೆಯುವ ಮೊದಲು ನನ್ನ ಮೀನಖಂಡ ಹಿಚುಕಿ ನೋಡುತ್ತಿದ್ದ. ಗೋಲು ಹೊಡೆದ ವಾರ ಹೋಟೆಲಿನಲ್ಲಿ ಚಹಾಕ್ಕೆ ಯಾರೂ ಕಾಸು ಕೇಳುತ್ತಿರಲಿಲ್ಲ. ಹೊಡೆಯದ ವಾರ ಚಹಾವೇ ಬರುತ್ತಿರಲಿಲ್ಲ.

ಆ ವರ್ಷ ಮಳೆ ಮುಗಿದ ಮೇಲೆ ಹೊನ್ನಾವರದಲ್ಲಿ ಒಂದು ಪಂದ್ಯವಾಯಿತು. ನಾವು ಒಂದು ಗೋಲಿನಿಂದ ಸೋತೆವು. ಅವರ ತಂಡದಲ್ಲಿ ಹಿಂದೆ ನಿಲ್ಲುವ ಒಬ್ಬ ಬ್ಯಾಕ್ ಇದ್ದ. ಬಂದರಿನಲ್ಲಿ ಮರದ ನಾಟಾ ಹೊರುವವ, ಆಳೆಂದರೆ ಆಳು. ಆದರೆ ಅಷ್ಟೇ ಸಾಧು. ಯಾರಿಗಾದರೂ ಭುಜ ತಾಗಿದರೆ ನಿಂತು ಅವರ ಮೈಯ ಮಣ್ಣು ಕೊಡವುತ್ತಿದ್ದ. ಅಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ಹೊನ್ನಾವರದವರು ಅವನನ್ನು ಎಮ್ಮೆ ಎಂದು ಕರೆಯುತ್ತಿದ್ದರು. ಆ ದಿನ ಅವನು ನನ್ನ ಹತ್ತಿರ ಸುಳಿಯಲೂ ಇಲ್ಲ. ಪಂದ್ಯ ಮುಗಿದಾಗ ನನ್ನ ಎರಡೂ ಕಾಲು ಸರಿಯಾಗಿದ್ದವು.

ಕಾಲು ಹೋದದ್ದು ವಾಪಸು ಬರುವಾಗ. ಪೆಟ್ರೋಲು ಸಿಗದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ದಾರಿಯ ಒಂದು ಏರಿನಲ್ಲಿ ನಾವು ಹಾಗೆ ತಳ್ಳುತ್ತ, ಸೋತದ್ದು ಯಾರಿಂದ ಎಂದು ಜಗಳವಾಡುತ್ತ ಇದ್ದೆವು. ಸಾವ್ಕಾರರು ನನ್ನ ಮಗ್ಗುಲಲ್ಲಿದ್ದರು. ಗೋಲು ಕಾಯುವ ನಮ್ಮ ಗೋಲಿಯನ್ನು ಬೈಯಲು ಹಿಂದಕ್ಕೆ ತಿರುಗಿದವರು ಜಾರಿ, ತಮ್ಮ ಪೂರ್ತಿ ಭಾರವನ್ನು ನನ್ನ ಬಲಗಾಲಿನ ಹರಡಿನ ಮೇಲೆ ಇಟ್ಟರು. ಸಾವ್ಕಾರರು ಸಣ್ಣ ದೇಹದವರಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಅವರು ಎದ್ದು, ಪಂಚೆ ಕೊಡವಿಕೊಂಡು, ನನ್ನ ಕಾಲು ನೋಡಿದರು. ಆಗಲೇ ಬಾತು ಬಂದಿತ್ತು.

"ಕಂಡ್ರ್ಯಾ? ಆ ಹೊನ್ನಾವರದ ರಾಕ್ಷಸ ಎಂತ ಮಾಡಿಟ್ಟ ನೋಡಿ," ಎಂದರು.

ಬಸ್ಸು ಕುಮಟೆ ಮುಟ್ಟುವಷ್ಟರಲ್ಲಿ ಅರ್ಧ ಜನ ಆ ಒದೆಯನ್ನು ಕಣ್ಣಾರೆ ಕಂಡಿದ್ದರು. ಬೆಳಗಾಗುವಷ್ಟರಲ್ಲಿ ಪಂದ್ಯಕ್ಕೆ ಬರದವರೂ ಕಂಡಿದ್ದರು. ನೋಡಲು ಬಂದವರಿಗೆಲ್ಲ ನಾನು ಇದ್ದದ್ದನ್ನೇ ಹೇಳಿದೆ: ಬಸ್ಸು ತಳ್ಳುವಾಗ ಆದದ್ದು, ಸಾವ್ಕಾರರ ಕಾಲು ಬಿದ್ದದ್ದು. ಸಾವ್ಕಾರರು ನನ್ನ ತಲೆಮೇಲೆ ಕೈಯಿಟ್ಟು, ನೋಡಿ, ಎಂಥ ದೊಡ್ಡ ಮನಸ್ಸು, ತನಗೆ ಒದ್ದವನ ಹೆಸರನ್ನೂ ಹೇಳುವುದಿಲ್ಲ, ಬೇಕಾದರೆ ನನ್ನ ಮೇಲೆ ಹಾಕುತ್ತಾನೆ ಎಂದು ಕಣ್ಣೊರೆಸಿಕೊಂಡರು. ಅವರು ನಾಟಕ ಮಾಡುತ್ತಿರಲಿಲ್ಲ. ನನಗೆ ಇವತ್ತಿಗೂ ಅನಿಸುವುದು, ಅವರು ಅದನ್ನು ಪೂರ್ತಿ ನಂಬಿದ್ದರು.

ಕತಗಾಲದಿಂದ ಎಲುಬು ಕಟ್ಟುವ ಮುದುಕನನ್ನು ಕರೆಸಿದರು. ಅವನು ಕಾಲು ಒತ್ತಿ ನೋಡಿ, ಎಲುಬಿಗೆ ಏನೂ ಆಗಿಲ್ಲ, ಬರೀ ಉಳುಕು, ಎಣ್ಣೆ ಹಚ್ಚಿದರೆ ಸಾಕು ಎಂದ. ಜಗಲಿಯಲ್ಲಿ ಕೂತವರಿಗೆ ಅದು ಸಮಾಧಾನವಾಗಲಿಲ್ಲ. ಅಷ್ಟು ದೂರದಿಂದ ಕರೆಸಿದ್ದೇವೆ, ಒಂದು ಕಟ್ಟಾದರೂ ಹಾಕು ಎಂದು ಹಟ ಹಿಡಿದರು. ಅವನು ಬಿದಿರಿನ ದಬ್ಬೆ ಇಟ್ಟು ಮಂಡಿಯವರೆಗೂ ಕಟ್ಟಿ, ಮೊಟ್ಟೆಯ ಲೋಳೆ ಮೆತ್ತಿ, ಕೂಲಿಗೆಂದು ಒಂದು ಕೋಳಿ ಹಿಡಿದುಕೊಂಡು ಹೋದ. ಆಮೇಲೆ ನನಗೆ ನಿಜವಾಗಿಯೂ ನಡೆಯಲಾಗಲಿಲ್ಲ.

ಊರು ಹೊನ್ನಾವರದ ಮೇಲೆ ಸಿಟ್ಟಾಯಿತು. ಸಾವ್ಕಾರರು ಹೊನ್ನಾವರದ ವೀಳ್ಯದೆಲೆ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಶಪಥ ಮಾಡಿದರು. ಕೆಲವು ದಿನ ಕಷ್ಟಪಟ್ಟರು. ಆಮೇಲೆ ಅದೇ ಎಲೆ ಬೇರೆ ಊರಿನದೆಂದು ಹೇಳಿಕೊಂಡು ಬರತೊಡಗಿತು. ನಾಲ್ಕು ಜನ ದೊಡ್ಡವರು ಹೊನ್ನಾವರಕ್ಕೇ ಹೋಗಿ, ನಿಮ್ಮವನು ಒದ್ದದ್ದು ಹೌದೋ ಅಲ್ಲವೋ ಎಂದು ಕೇಳಿದರು. ಅಲ್ಲಿಯವರು ಒಂದು ಕ್ಷಣ ಮುಖ ಮುಖ ನೋಡಿಕೊಂಡರಂತೆ. ಆಮೇಲೆ ಎದೆಯೆತ್ತಿ, ಹೌದು, ಒದ್ದ, ಈಗೆಂತ ಎಂದರಂತೆ. ನಮ್ಮವರು ಬಹಳ ಸಂತೋಷದಿಂದ ಮರಳಿ ಬಂದರು.

ಒಂದು ದಿನ ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ತಲೆ ಬಗ್ಗಿಸಿ ಒಳಗೆ ಬಂದವನು ಆ ಬ್ಯಾಕ್. ಹೆಗಲ ಮೇಲೆ ಒಂದು ಇಡೀ ಬಾಳೆಗೊನೆ. ಅದನ್ನು ಮೂಲೆಯಲ್ಲಿ ಇಳಿಸಿ, ನನ್ನ ಚಾಪೆಯ ಪಕ್ಕ ಮುದುರಿ ಕೂತ. ಸ್ವಲ್ಪ ಹೊತ್ತು ಕಟ್ಟನ್ನೇ ನೋಡಿದ.

"ನಾ ನಿಂಗೆ ಒದ್ದದ್ದು ಹೌದನಾ?" ಎಂದು ಕೇಳಿದ. "ನಂಗೇ ತಿಳೀದೆ ಹೋಗ್ಯದೆ. ಕಂಡೋರೆಲ್ಲ ಹೌದು ಹೇಳ್ತಾರೆ."

"ಇಲ್ಲ ಮಾರಾಯ. ನೀ ನನ್ನ ಹತ್ರವೇ ಬರಲಿಲ್ಲ."

ಅವನು ದೊಡ್ಡ ಉಸಿರು ಬಿಟ್ಟ. ತಾನೇ ತಂದ ಗೊನೆಯಿಂದ ಒಂದು ಹಣ್ಣು ಕಿತ್ತು ತಿಂದ. ನಾಲ್ಕಾರು ರಾತ್ರಿಯಿಂದ ನಿದ್ದೆಯಿಲ್ಲ, ಕನಸಿನಲ್ಲಿಯೂ ಒದೆಯುತ್ತಿದ್ದೇನೆ ಎಂದ. ಆಮೇಲೆ ಅವನ ಮುಖ ಮತ್ತೆ ಸಣ್ಣದಾಯಿತು. ಕತೆ ಹೇಳಿದ. ಒದ್ದ ಸುದ್ದಿ ಹಬ್ಬಿದ ಮೇಲೆ ಹೊನ್ನಾವರದಲ್ಲಿ ಅವನನ್ನು ಎಮ್ಮೆ ಎನ್ನುವುದು ನಿಂತಿತ್ತು. ಹೋಟೆಲಿನವರು ಕರೆದು ಚಹಾ ಕೊಡುತ್ತಿದ್ದರು. ಮಾವಳ್ಳಿಯಲ್ಲಿ ಒಂದು ಹೆಣ್ಣು ನೋಡಿದ್ದರು. ಹುಡುಗ ತೀರ ಮೆತ್ತಗೆ, ನಾಳೆ ಜಮೀನಿನ ಗಡಿ ಜಗಳ ಬಂದರೆ ಉಪಯೋಗಕ್ಕಿಲ್ಲ ಎಂದು ಹುಡುಗಿಯ ಅಪ್ಪ ಬೇಡವೆಂದಿದ್ದ. ಈಗ ಹೆಣ್ಣು ಕೊಡುತ್ತೇನೆಂದು ಅವನೇ ಹೇಳಿ ಕಳಿಸಿದ್ದಾನೆ.

"ಒದೀಲಿಲ್ಲ ಅಂತ ಯಾರ ಹತ್ರವೂ ಹೇಳಬೇಡ. ಮದುವೆ ಒಂದು ಆಗಿಹೋಗಲಿ," ಎಂದ.

ಹೇಳಿದರೂ ಯಾರೂ ಕೇಳುವುದಿಲ್ಲ, ನೀನು ಹೆದರಬೇಡ ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಸಾವ್ಕಾರರ ಕೆಮ್ಮು ಕೇಳಿತು. ಅವನು ಎದ್ದು ನಿಂತ. ಅವನಂಥ ಆಳು ಅಡಗಲು ಜಾಗವಿದ್ದ ಮನೆಯಲ್ಲ ಅದು. ಸಾವ್ಕಾರರು ಒಳಗೆ ಬಂದು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವ್ವ ಒಲೆಯ ಮುಂದಿನಿಂದ ಏಳದೆಯೇ, ಕತಗಾಲದಿಂದ ಕಟ್ಟು ನೋಡಲು ಬಂದವನು, ಆ ಮುದುಕನ ಅಳಿಯ ಎಂದಳು.

ಸಾವ್ಕಾರರು ಬಹಳ ಖುಷಿಯಾದರು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಒದೆಯನ್ನು ಮೊದಲಿನಿಂದ ವರ್ಣಿಸಿದರು. ಆ ಬ್ಯಾಕ್ ಹೇಗೆ ಹಲ್ಲು ಕಡಿಯುತ್ತ ಓಡಿ ಬಂದ, ಹೇಗೆ ಎಡಗಾಲು ಎತ್ತಿದ, ಎಲುಬಿನ ಶಬ್ದ ಕೊಡೆಯ ಕೆಳಗಿದ್ದ ತಮಗೂ ಹೇಗೆ ಕೇಳಿತು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಕೊನೆಗೆ ಮೆಲ್ಲಗೆ, "ಎಡಗಾಲೇ ಹೌದನಾ?" ಎಂದ.

"ನನ್ನ ಕಣ್ಣಾರೆ ಕಂಡದ್ದು. ಆ ಮುಖ ಸತ್ತರೂ ಮರೆಯೋದಿಲ್ಲ ನಾನು," ಎಂದರು ಸಾವ್ಕಾರರು, ಅದೇ ಮುಖವನ್ನು ನೋಡುತ್ತ.

ಹೋಗುವಾಗ ಅವರು ಅವನ ರಟ್ಟೆ ಹಿಡಿದು ನೋಡಿ, ಇಂಥ ಮೈ ಇಟ್ಟುಕೊಂಡು ಕತಗಾಲದಲ್ಲಿ ಎಂತ ಮಾಡುತ್ತೀ, ನಮ್ಮ ತಂಡಕ್ಕೆ ಬಾ, ಆ ಹೊನ್ನಾವರದವನ ಕಾಲು ಮುರಿಯಲು ನಿನ್ನಂಥವನೇ ಬೇಕು ಎಂದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಅವನು ಕೈ ಮುಗಿದ. ಸಾವ್ಕಾರರು ಬಾಗಿಲು ದಾಟಿದ ಮೇಲೆ ಅವ್ವ ನಗಲು ಸುರುಮಾಡಿದವಳು ಗಂಜಿ ಸೀಯುವವರೆಗೆ ನಿಲ್ಲಿಸಲಿಲ್ಲ.

ಬೇಸಿಗೆಯ ಹೊತ್ತಿಗೆ ಕಟ್ಟು ಬಿಚ್ಚಿದರು. ಉಳುಕು ಎಂದೋ ಹೋಗಿತ್ತು. ಕಟ್ಟಿಟ್ಟದ್ದಕ್ಕೆ ಬಂದ ಬಿಗುವು ಮಾತ್ರ ಉಳಿದಿತ್ತು. ಮರುಪಂದ್ಯ ಕುಮಟೆಯಲ್ಲಿ. ಸೇಡು ತೀರಿಸುವ ಪಂದ್ಯ ಎಂದು ಎರಡೂ ಊರಿನವರು ಹೇಳಿಕೊಂಡು ತಿರುಗಿದ್ದರು. ರೆಫ್ರಿ ಯಾವ ಕಡೆಯವನೂ ಆಗಬಾರದೆಂದು ಭಟ್ಕಳದಿಂದ ಒಬ್ಬ ವ್ಯಾಪಾರಿಯನ್ನು ಕರೆಸಿದರು. ಮುಂಬಯಿಯಲ್ಲಿ ಬೂಟು ಹಾಕಿ ಆಡಿದವರು, ಮಾತು ಕಡಿಮೆ. ಅವರ ಜೊತೆ ಭಟ್ಕಳದ ಮಂದಿಯೂ ಹೊಳೆ ದಾಟಿ ಬಂದಿದ್ದರು. ಅವರಿಗೆ ಯಾರು ಗೆಲ್ಲುತ್ತಾರೆ ಎಂಬುದು ಬೇಕಿರಲಿಲ್ಲ. ಒದೆಯುವುದು ಯಾವಾಗ ಎಂದು ಮಾತ್ರ ಹೋಟೆಲಿನಲ್ಲಿ ವಿಚಾರಿಸುತ್ತಿದ್ದರು.

ಆಟ ಸುರುವಾಗುವ ಮೊದಲು ಬ್ಯಾಕ್ ನನ್ನ ಪಕ್ಕ ಬಂದು ಕಚ್ಚೆ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದ. ಹುಡುಗಿಯ ಅಪ್ಪ ಬಂದಿದ್ದಾನೆ, ಕೆಂಪು ಮುಂಡಾಸಿನವನು ಎಂದ. "ಒಂದ್ಸಲ ಬೀಳು ಮಾರಾಯ."

ಆತು ಎಂದೆ. ಚೆಂಡು ಅವನ ಕಡೆ ಹೋದಾಗ ನಾನೂ ಹೋದೆ. ಅವನು ಭುಜ ತೋರಿಸಿದ, ನಾನು ಮಾರುದೂರ ಹಾರಿ ಬಿದ್ದು ಹೊರಳಾಡಿದೆ. ಅದೇ ಹೊತ್ತಿಗೆ ಆಚೆ ಗೋಲಿನ ಕಡೆ ಯಾರದೋ ಎತ್ತು ಮೈದಾನಕ್ಕೆ ನುಗ್ಗಿತ್ತು. ಇಡೀ ಜನ ಅತ್ತ ನೋಡುತ್ತಿತ್ತು. ನಾನು ಬಿದ್ದದ್ದನ್ನು ನೋಡಿದವರು ರೆಫ್ರಿ ಒಬ್ಬರೇ. ಅವರು ಹತ್ತಿರ ಬಂದು, ಯಾರೂ ಮುಟ್ಟಿಲ್ಲ, ಏಳಿ ಎಂದರು.

ಮತ್ತೊಮ್ಮೆ ಮಾಡಬೇಕಾಯಿತು. ಈ ಸಲ ಚೆನ್ನಾಗಿ ಕಾಣಲಿ ಎಂದು ಅವನು ದೂರದಿಂದಲೇ ಓಡಿ ಬಂದ. ಅಷ್ಟು ದೊಡ್ಡ ಮೈ ಅಷ್ಟು ವೇಗದಲ್ಲಿ ಬರುವುದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಗಿ, ಅವನು ಮುಟ್ಟುವ ಮೊದಲೇ ಕೂತುಬಿಟ್ಟೆ. ನನಗೆ ತಾಗಬಾರದೆಂದು ಅವನು ನನ್ನ ಮೇಲಿಂದ ಜಿಗಿದ. ಆಚೆ ಬಿದ್ದು ಮಂಡಿ ಹಿಡಿದುಕೊಂಡ. ಅದು ನಾಟಕದ ನರಳಾಟವಲ್ಲ ಎಂದು ನನಗೆ ಕೂಡಲೇ ತಿಳಿಯಿತು. ನಾನು ಅವನ ಕಡೆ ತೆವಳಿದೆ.

ಮುಟ್ಟಲಿಕ್ಕಾಗಲಿಲ್ಲ. ನಮ್ಮೂರಿನವರು ಮೈದಾನಕ್ಕೆ ನುಗ್ಗಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಸೇಡು ತೀರಿಸಿದ ಎಂದು ಸಾವ್ಕಾರರು ಅಳುತ್ತಿದ್ದರು. ನಾನೇನೂ ಮಾಡಿಲ್ಲ, ಅವನ ಕಾಲು ನೋಡಿ ಎಂದು ಬೇಡಿಕೊಂಡೆ. ವಿನಯ ಬಿಡುವವನಲ್ಲ ಇವನು ಎಂದು ಇನ್ನೊಬ್ಬರು ಮೆಚ್ಚಿಕೊಂಡರು. ನನ್ನನ್ನು ಹೊತ್ತವರಲ್ಲಿ ನಮ್ಮ ಗೋಲಿಯೂ ಇದ್ದ. ನಾವು ರಸ್ತೆ ಸೇರುವಷ್ಟರಲ್ಲಿ ಹೊನ್ನಾವರದ ಯಾರೋ ಖಾಲಿ ಗೋಲಿನೊಳಗೆ ಚೆಂಡು ಒದ್ದರಂತೆ. ರೆಫ್ರಿ ಸೀಟಿ ಊದಿ, ಹೊನ್ನಾವರ ಗೆದ್ದಿತು ಎಂದು ಮೈದಾನದಲ್ಲಿ ಉಳಿದಿದ್ದ ಎತ್ತಿನ ಯಜಮಾನನಿಗೆ ತಿಳಿಸಿ ಭಟ್ಕಳಕ್ಕೆ ಹೊರಟುಹೋದರು. ಗೆದ್ದದ್ದು ಹೊನ್ನಾವರದವರಿಗೂ ಎಷ್ಟೋ ಹೊತ್ತು ಗೊತ್ತಿರಲಿಲ್ಲ. ಅವರು ತಮ್ಮ ಬ್ಯಾಕನ್ನು ಹೆಗಲ ಮೇಲೆ ಹೊತ್ತು, ನ್ಯಾಯ ಬೇಕು ಎನ್ನುತ್ತ ಇನ್ನೊಂದು ದಾರಿಯಿಂದ ಪೇಟೆಗೆ ಬರುತ್ತಿದ್ದರು.

ಎರಡೂ ಮೆರವಣಿಗೆ ಪೇಟೆಯ ಕೂಡುರಸ್ತೆಯಲ್ಲಿ ಎದುರಾದವು. ಯಾರೂ ದಾರಿ ಬಿಡಲಿಲ್ಲ. ಕೆಳಗೆ ಬೈಗುಳ ಏರಿತು, ಅಂಗಿ ಹರಿದವು. ಮೇಲೆ ನಾವಿಬ್ಬರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

"ನಿಂಗೆ ತಾಗಲಿಲ್ಲ ಅಲ್ಲ?" ಎಂದು ಅವನು ಕೇಳಿದ.

"ಇಲ್ಲ. ಮಂಡಿ ಹ್ಯಾಂಗದೆ?"

"ಉರೀತದೆ. ಮಾವ ಕಂಡ್ರನಾ?"

ನಾನು ಮೇಲಿಂದ ಸುತ್ತ ನೋಡಿದೆ. ಕೆಂಪು ಮುಂಡಾಸು ಜಗಳದ ನಟ್ಟನಡುವೆ ಇತ್ತು; ಅದರ ಯಜಮಾನ ನಮ್ಮ ಕ್ಷೌರದವನ ಕುತ್ತಿಗೆ ಪಟ್ಟಿ ಹಿಡಿದಿದ್ದ. ಕಂಡಿದ್ದಾರೆ, ಬಹಳ ಸಂತೋಷದಲ್ಲಿದ್ದಾರೆ ಎಂದೆ. ಆಗ ಅವನನ್ನು ಹೊತ್ತವರು ಒಂದು ಕಡೆ ತಿರುಗಿದರು, ನನ್ನನ್ನು ಹೊತ್ತವರು ಇನ್ನೊಂದು ಕಡೆ.

ಮದುವೆ ಮಳೆ ಹಿಡಿಯುವ ಮೊದಲೇ ಮಾವಳ್ಳಿಯಲ್ಲಿ ಆಯಿತು. ಅವನು ನನ್ನನ್ನು ಕರೆದಿದ್ದ. ಹೋಗುತ್ತೇನೆ ಎಂದಾಗ ಸಾವ್ಕಾರರು ಮೊದಲು ಬೇಡವೆಂದರು. ಆಮೇಲೆ ಯೋಚಿಸಿ, ಅವನ ಮಂಡಿ ಸರಿಯಾಗಿ ಮುರಿದಿದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ರಜೆ ಕೊಟ್ಟರು. ಹೊನ್ನಾವರದಲ್ಲಿ ದೋಣಿ ದಾಟಿ ಮಾವಳ್ಳಿ ಸೇರಿದೆ.

ಹುಡುಗಿಯ ಅಪ್ಪನಿಗೆ ನನ್ನ ಗುರುತು ಸಿಕ್ಕಿತು. ಹೊರಗೆ ಹಾಕಲಿಲ್ಲ. ಆದರೆ ಅಳಿಯನ ಮಂಡಿ ಮುರಿದವನನ್ನು ನೆಂಟರ ಸಾಲಿನಲ್ಲಿ ಕೂರಿಸುವುದು ಹೇಗೆ ಎಂದು ಹಿರಿಯರು ಬಹಳ ಹೊತ್ತು ಮಾತಾಡಿದರು. ಕೊನೆಗೆ ವಾದ್ಯದವರ ಪಂಕ್ತಿಯಲ್ಲಿ, ಚಪ್ಪರದ ತುದಿಗೆ ನನಗೆ ಎಲೆ ಹಾಕಿದರು. ಅನ್ನ ಬಡಿಸಿ ಆಗಿತ್ತು, ಊಟ ಸುರುವಾಗುವುದರಲ್ಲಿತ್ತು. ಮದುಮಗ ಮೇಲಿನ ಸಾಲಿನಿಂದ ಎದ್ದ. ಬಾಸಿಂಗ ಓಲಾಡುತ್ತ, ತನ್ನ ಎಲೆಯನ್ನು ತಾನೇ ಹಿಡಿದು, ಕುಂಟುತ್ತ ಬಂದು ನನ್ನ ಪಕ್ಕ ಕೂತ. ಕಟ್ಟಿದ ಕಾಲನ್ನು ಮುಂದೆ ಚಾಚಿಕೊಂಡ.

ಹೊನ್ನಾವರದಿಂದ ಬಂದ ಹುಡುಗರು ಎಲೆ ಬಿಟ್ಟು ಎದ್ದು ನಿಂತರು. ಬೆಳಕೆ ಊರಿನಿಂದ ಬಂದ ಇಬ್ಬರು ಮುದುಕರು ಚೆನ್ನಾಗಿ ಕಾಣಲೆಂದು ಜಾಗ ಬದಲಿಸಿದರು. ಬಡಿಸುವವನು ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದ. ಮದುಮಗ ಅವನ ಕಡೆ ನನ್ನ ಎಲೆ ಸರಿಸಿ, ಇವನಿಗೆ ಮೊದಲು ಬಡಿಸು, ದೂರದಿಂದ ಬಂದವ ಎಂದ. ಅವನು ಬಡಿಸಿದ. ನಾವು ಉಂಡೆವು. ಸ್ವಲ್ಪ ಹೊತ್ತು ಕಾದು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಅವರ ಅನ್ನ ತಣ್ಣಗಾಗಿತ್ತು.